ಜುಮಾದ ಸುಗಂಧ ಯಾರ ಬೆವರಿನಿಂದ ಹುಟ್ಟಿತು?

ಸುಗಂಧವು ಇಸ್ಲಾಮಿನಲ್ಲಿ ಅನುಮತಿಸಲ್ಪಟ್ಟದ್ದು ಮಾತ್ರವಲ್ಲ, ಪ್ರಿಯವಾದದ್ದೂ ಹೌದು. ಪ್ರವಾದಿ ಮುಹಮ್ಮದ್(ಸ)ರು ಈ ಲೋಕದಲ್ಲಿ ತಮಗೆ ಪ್ರಿಯವಾದವುಗಳನ್ನು ಹೇಳುವಾಗ ಸುಗಂಧವನ್ನೂ ಹೆಸರಿಸಿದ್ದಾರೆ. ಯಾರಾದರೂ ಸುಗಂಧವನ್ನು ಕೊಟ್ಟರೆ ಅವರು ಅದನ್ನು ನಿರಾಕರಿಸುತ್ತಿರಲಿಲ್ಲವೆಂದು ಹಝ್ರತ್ ಅನಸ್(ರ) ವರದಿ ಮಾಡಿದ್ದಾರೆ. ಸ್ವರ್ಗದ ಪಾನೀಯದ ಮುದ್ರೆಯು ಕಸ್ತೂರಿಯದ್ದಾಗಿರುತ್ತದೆಂದು ಪವಿತ್ರ ಕುರ್‌ಆನ್ ಬಣ್ಣಿಸುತ್ತದೆ. ಆದುದರಿಂದ ಈ ಲೇಖನ ಅತ್ತರಿನ ವಿರುದ್ಧವಲ್ಲ. ಅತ್ತರಿನ ಹೆಸರಿನಲ್ಲಿ ನಮ್ಮ ಮನೆಗಳಿಗೂ ಮಸೀದಿಗಳಿಗೂ ನುಸುಳಿರುವ ಎರಡು ಸುಳ್ಳುಗಳ ವಿರುದ್ಧವಾಗಿ ಇದನ್ನು ಬರೆಯಬೇಕಾಗಿದೆ. ಒಂದು, ಮಾರುವವನ ನಾಲಗೆಯ ಮೇಲಿರುವ ಸುಳ್ಳು. ಇನ್ನೊಂದು, ಹಚ್ಚಿಕೊಳ್ಳುವವನ ಮನಸ್ಸಿನಲ್ಲಿರುವ ಸುಳ್ಳು. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಅಪಾಯಕಾರಿ.

ಕೆಲವು ವರ್ಷಗಳಿಂದ ಹೊಸ ರೂಢಿಯೊಂದು ಬೆಳೆಯುತ್ತಿದೆ. ದೊಡ್ಡ ಕಂಪೆನಿಗಳ ಹಂಗಿಲ್ಲದೆ ತಾವೇ ಸುಗಂಧ ಬೆರೆಸಿ ಮಾರುವ ಸಣ್ಣ ತಯಾರಕರು ಋತುವಿಗೊಂದು ಸಂಗ್ರಹವನ್ನು ಹೊರತರುತ್ತಾರೆ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು; ಸಾಲದೆಂಬಂತೆ ರಮಝಾನಿಗೊಂದು, ಈದ್‌ಗೊಂದು. ಪೂರ್ಣ ಸೀಸೆ ದುಬಾರಿ. ಆದ್ದರಿಂದ ಒಂದೆರಡು ಮಿಲಿಲೀಟರಿನ ಐದಾರು ಪುಟ್ಟ ಸೀಸೆಗಳಿರುವ ಸ್ಯಾಂಪಲ್ ಪೆಟ್ಟಿಗೆಯನ್ನು ಕೊರಿಯರ್‌ನಲ್ಲಿ ತರಿಸಿಕೊಳ್ಳಲಾಗುತ್ತದೆ. ಮಣಿಕಟ್ಟಿಗೆ ಸವರಿ, ಮೂಸಿ, ಗೆಳೆಯರೊಡನೆ ಹೋಲಿಸಿ ನೋಡಿ, ಮುಂದಿನ ಸಂಗ್ರಹಕ್ಕಾಗಿ ಕಾಯಲಾಗುತ್ತದೆ. ಇದು ಬೆಂಗಳೂರಿನ ಮಾಲ್‌ಗಳ ಸಂಗತಿ ಮಾತ್ರವೆಂದು ಭಾವಿಸಬೇಡಿ. ಶಿಡ್ಲಘಟ್ಟ, ಚಿಂತಾಮಣಿಗಳ ನಮ್ಮ ಯುವಕರಿಗೂ ಈ ಗೀಳು ತಗಲಿದೆ. ಸಣ್ಣ ತಯಾರಕನ ಶ್ರಮಕ್ಕೆ ಬೆಲೆ ಸಿಗುವುದು ಒಳ್ಳೆಯದೇ. ಕೊಳ್ಳುವ ಮುನ್ನ ಪರೀಕ್ಷಿಸುವುದೂ ಜಾಣತನವೇ. ಆಕ್ಷೇಪವಿರುವುದು ಅದರಲ್ಲಲ್ಲ.

ನೋಡಿದರೆ, ಸ್ಯಾಂಪಲ್ ಎಂಬುದಕ್ಕೆ ನಮ್ಮ ಪರಂಪರೆಯಲ್ಲಿ ಬಹಳ ಗೌರವದ ಸ್ಥಾನವಿದೆ. ಒಳ್ಳೆಯ ಸಂಗಾತಿಯನ್ನು ಪ್ರವಾದಿವರ್ಯರು(ಸ) ಕಸ್ತೂರಿ ಮಾರುವವನಿಗೆ ಹೋಲಿಸಿದ್ದಾರೆ. ಅವನ ಬಳಿ ಹೋದವನಿಗೆ ಮೂರರಲ್ಲಿ ಒಂದು ಲಾಭ ಖಚಿತ. ಅವನು ತಾನಾಗಿಯೇ ಒಂದಿಷ್ಟು ಕೊಡಬಹುದು, ನೀವು ಕೊಳ್ಳಬಹುದು, ಏನೂ ಇಲ್ಲದಿದ್ದರೂ ಸುವಾಸನೆಯಾದರೂ ಸಿಗುತ್ತದೆ. ಆ ಮೂರರಲ್ಲಿ ಮೊದಲು ಬರುವುದು ಕೊಡುಗೆ ಎಂಬುದನ್ನು ಗಮನಿಸಿ. ಮಸೀದಿಯ ಬಾಗಿಲಲ್ಲಿ ನಿಂತ ಅತ್ತರಿನ ಮುದುಕನೊಬ್ಬ ಗಾಜಿನ ಕಡ್ಡಿಯಿಂದ ಬಂದವರ ಕೈಗೆಲ್ಲ ಸವರಿ ಕಳಿಸುತ್ತಾನಲ್ಲ, ಅವನು ಈ ಹೋಲಿಕೆಯ ನಿಜವಾದ ವಾರಸುದಾರ. ಕೊಟ್ಟದ್ದನ್ನು ಪಡೆದವನು ಕೊಳ್ಳಲೇಬೇಕೆಂಬ ನಿರೀಕ್ಷೆ ಅವನಿಗಿಲ್ಲ. ಸ್ಯಾಂಪಲ್ ಎಂಬುದು ಕೊಡುಗೆಯಾಗಿದ್ದಾಗ ಅದು ಸದ್ಗುಣ. ಗಾಳಕ್ಕೆ ಸಿಕ್ಕಿಸಿದ ಎರೆಯಾದಾಗ ಅದರ ಹೆಸರೇ ಬೇರೆ.

ಋತುವಿಗೊಂದು ಸುಗಂಧವೆಂಬುದೂ ಹೊಸ ಆವಿಷ್ಕಾರವೇನಲ್ಲ. ಉತ್ತರ ಪ್ರದೇಶದ ಕನೌಜಿನ ಅತ್ತರುಗಾರರು ತಲೆಮಾರುಗಳಿಂದ ಇದನ್ನು ಅನುಸರಿಸುತ್ತ ಬಂದಿದ್ದಾರೆ. ಬೇಸಿಗೆಗೆ ಲಾವಂಚ, ಗುಲಾಬಿ, ಮಲ್ಲಿಗೆ, ಸುಟ್ಟ ಮಣ್ಣಿನಿಂದ ಇಳಿಸಿದ ಮಿಟ್ಟಿ ಅತ್ತರ್. ಚಳಿಗೆ ಮಸಾಲೆ, ಬೇರುಗಳಿಂದ ಮಾಡಿದ ಶಮಾಮಾ ಮತ್ತು ಹಿನಾ. ತಾಮ್ರದ ದೇಗಿನಲ್ಲಿ ಹೂವು ಮತ್ತು ನೀರನ್ನು ಕುದಿಸಿ, ಬಿದಿರಿನ ಕೊಳವೆಯ ಮೂಲಕ ಆವಿಯನ್ನು ಭಪ್ಕಾ ಎಂಬ ಪಾತ್ರೆಯಲ್ಲಿರುವ ಗಂಧದೆಣ್ಣೆಗೆ ಇಳಿಸುವುದು ಅಲ್ಲಿಯ ಹಳೆಯ ಕ್ರಮ. ಆ ಋತುಗಳನ್ನು ಹೊಲ ನಿರ್ಧರಿಸುತ್ತಿತ್ತು. ಗುಲಾಬಿ ಅರಳಿದಾಗ ಗುಲಾಬಿ, ಕೇದಿಗೆ ಬಿಟ್ಟಾಗ ಕೇದಿಗೆ. ದೇಹದ ಅಗತ್ಯವೂ ಅದಕ್ಕೆ ಹೊಂದಿಕೊಂಡಿತ್ತು. ಸೆಕೆಗೆ ತಂಪು, ಚಳಿಗೆ ಕಾವು. ಇಂದಿನ ಸಂಗ್ರಹದ ಋತುವನ್ನು ನಿರ್ಧರಿಸುವುದು ಹೊಲವಲ್ಲ, ಮಾರಾಟದ ಪಂಚಾಂಗ. ಉಪವಾಸದ ತಿಂಗಳೂ ಆ ಪಂಚಾಂಗದಲ್ಲಿ ಒಂದು ಮಾರಾಟದ ಋತುವಾಗಿ ಸೇರಿಹೋಗಿದೆ. ಇದನ್ನು ನಾವು ನಗುನಗುತ್ತಾ ಒಪ್ಪಿಕೊಂಡಿದ್ದೇವೆ.

ಈಗ ಮೊದಲನೆಯ ಸುಳ್ಳಿಗೆ ಬರೋಣ. ಆ ಭಪ್ಕಾದಲ್ಲಿರಬೇಕಾದ ಗಂಧದೆಣ್ಣೆಯ ಬಗ್ಗೆ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. 1914ರಲ್ಲಿ ಮಹಾಯುದ್ಧ ಆರಂಭವಾಗಿ ನಮ್ಮ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, ಮೈಸೂರು ಸಂಸ್ಥಾನವು 1916ರಲ್ಲಿ ಬೆಂಗಳೂರಿನಲ್ಲಿಯೇ ಗಂಧದೆಣ್ಣೆ ಇಳಿಸತೊಡಗಿತು. ಅಂದು ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು. ಇಂದು ಅದೇ ಗಂಧದ ಮರ ಕಾಡುಗಳಲ್ಲಿ ವಿರಳವಾಗಿದೆ, ಎಣ್ಣೆಯ ಬೆಲೆ ಏರಿದೆ. ಇದರ ಪರಿಣಾಮವಾಗಿ ಕನೌಜಿನಲ್ಲಿಯೇ ಅನೇಕರು ಗಂಧದೆಣ್ಣೆಯ ಬದಲಿಗೆ ಲಿಕ್ವಿಡ್ ಪ್ಯಾರಾಫಿನ್ನಿನಂತಹ ಅಗ್ಗದ ದ್ರವಗಳಿಗೆ ಮೊರೆಹೋಗಿದ್ದಾರೆ. ಅಗ್ಗದ ದ್ರವ ಬಳಸುವುದು ಪಾಪವಲ್ಲ, ಕೃತಕ ಸುವಾಸನೆ ಬಳಸುವುದೂ ಪಾಪವಲ್ಲ. ಬಡವನಿಗೂ ಒಂದು ಹನಿ ಸುವಾಸನೆ ಸಿಗುವುದು ಅದರಿಂದಲೇ. ಅದನ್ನು ಬಳಸಿ "ಶುದ್ಧ ಗಂಧ" ಎಂದು ಚೀಟಿ ಅಂಟಿಸುವುದು ಪಾಪ.

ಇಂತಹ ಚೀಟಿಗಳನ್ನು ಒಮ್ಮೆ ಬುದ್ಧಿಯಿಂದ ಓದಿ ನೋಡಿ. "ಅಸಲಿ ಕಸ್ತೂರಿ" ಎನ್ನುತ್ತದೆ ಒಂದು. ಕಸ್ತೂರಿ ಮೃಗವು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ರಕ್ಷಿತ ಪ್ರಾಣಿ. ಅದರ ಕಸ್ತೂರಿಯ ವ್ಯಾಪಾರ ನಿಷಿದ್ಧ. ಹಾಗಾದರೆ ಆ ಸೀಸೆ ಒಂದೋ ಸುಳ್ಳು, ಇಲ್ಲವೇ ಅಪರಾಧ. ಮೂರನೆಯ ಸಾಧ್ಯತೆ ಇಲ್ಲ. "ಪ್ಯೂರ್ ಊದ್" ಎನ್ನುತ್ತದೆ ಇನ್ನೊಂದು. ಅಸ್ಸಾಮಿನ ಕಡೆ ಬೆಳೆಯುವ ಅಗರು ಮರಕ್ಕೆ ಗಾಯವಾಗಿ ಶಿಲೀಂಧ್ರ ತಗಲಿದಾಗ ಮಾತ್ರ ಅದರೊಳಗೆ ಆ ಸುಗಂಧದ ಅಂಟು ಕಟ್ಟುತ್ತದೆ. ಅದೂ ಎಲ್ಲ ಮರಗಳಲ್ಲಿ ಅಲ್ಲ. ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರು ಟನ್ನಿಗೂ ಹೆಚ್ಚು ಹೂವು ಬೇಕು. ಗುಲಾಬಿ ಬೆಳೆಯುವ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ರೈತನನ್ನು ಕೇಳಿದರೆ ಅಷ್ಟು ಹೂವು ಕೀಳಲು ಎಷ್ಟು ಕೈಗಳು ಬೇಕೆಂದು ಅವನು ಹೇಳಿಯಾನು. ನೂರಿನ್ನೂರು ರೂಪಾಯಿಗೆ ಇವೆಲ್ಲ "ಶುದ್ಧ"ವಾಗಿ ಸಿಗುತ್ತವೆಂದು ನಂಬುವವನು ಮೋಸ ಹೋಗಲು ತಾನೇ ಸಿದ್ಧನಾಗಿ ನಿಂತಿದ್ದಾನೆ.

ಎಲ್ಲಕ್ಕಿಂತ ನೋವಿನ ಚೀಟಿ ಇನ್ನೊಂದಿದೆ: "ಸುನ್ನತ್ ಸುಗಂಧ". ಆಲ್ಕೋಹಾಲ್ ಇಲ್ಲವೆಂಬ ಒಂದೇ ಕಾರಣಕ್ಕೆ ಈ ಹೆಸರು. ಮೈಗೆ ಹಚ್ಚುವ ಸುಗಂಧದಲ್ಲಿನ ಆಲ್ಕೋಹಾಲ್ ಕುರಿತು ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಜಾಗರೂಕತೆಯಿಂದ ಅದನ್ನು ಬಿಡುವವರನ್ನು ಗೌರವಿಸೋಣ. ಆದರೆ ಒಂದು ಬಿಂದು ಆಲ್ಕೋಹಾಲಿಗೆ ಹೆದರುವ ನಾವು ಸೀಸೆಯ ತುಂಬ ಇರುವ ಸುಳ್ಳಿಗೆ ಏಕೆ ಹೆದರುವುದಿಲ್ಲ? ಅದು ಹರಾಮ್ ಆಗುವುದರಲ್ಲಿ ಯಾವ ವಿದ್ವಾಂಸನಿಗೂ ಭಿನ್ನಾಭಿಪ್ರಾಯವಿಲ್ಲವಲ್ಲ!

ಪ್ರವಾದಿವರ್ಯರು(ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಹಾದುಹೋಗುವಾಗ ಅದರೊಳಗೆ ಕೈ ಹಾಕಿದರು. ಮೇಲೆ ಒಣಗಿದ ಕಾಳು, ಒಳಗೆ ಒದ್ದೆ. ಮಳೆಗೆ ನೆನೆಯಿತೆಂದು ಮಾರುವವನು ಸಮಜಾಯಿಷಿ ಕೊಟ್ಟ. ಹಾಗಾದರೆ ಒದ್ದೆಯನ್ನು ಜನರಿಗೆ ಕಾಣುವಂತೆ ಮೇಲಿಡಬಹುದಿತ್ತಲ್ಲ ಎಂದು ಕೇಳಿದ ಅವರು, ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು. ಈ ಘಟನೆಯ ಅರ್ಥ ಶಿಡ್ಲಘಟ್ಟದವರಿಗೆ ತಿಳಿದಷ್ಟು ಬೇರೆಯವರಿಗೆ ತಿಳಿಯಲಾರದು. ಇಲ್ಲಿನ ಸರ್ಕಾರಿ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಯಾವ ರೀಲರನೂ ಲಾಟಿನ ಮೇಲ್ಭಾಗದ ಗೂಡು ನೋಡಿ ಬೆಲೆ ಕೂಗುವುದಿಲ್ಲ. ಅಡಿಯಿಂದ ಒಂದು ಹಿಡಿ ತೆಗೆಯುತ್ತಾನೆ, ಬೆರಳಿನಿಂದ ಅದುಮುತ್ತಾನೆ, ಅಲ್ಲಾಡಿಸಿ ಕಿವಿಗೊಡುತ್ತಾನೆ. ಒಂದು ಕಿಲೋ ನೂಲಿಗೆ ಆರರಿಂದ ಎಂಟು ಕಿಲೋ ಗೂಡು ಬೇಕಾಗುವ ವ್ಯವಹಾರದಲ್ಲಿ ಮೇಲ್ನೋಟವನ್ನು ನಂಬಿದವನು ಬೀದಿಗೆ ಬೀಳುತ್ತಾನೆಂದು ಅವನಿಗೆ ಗೊತ್ತು.

ಅದೇ ರೀಲರನ ಮಗ ಸುಗಂಧದ ಸ್ಯಾಂಪಲ್ ಮೂಸಿ ಐದು ನಿಮಿಷದಲ್ಲಿ ತೀರ್ಮಾನಿಸುತ್ತಾನೆ! ಸುಗಂಧಕ್ಕೂ ಮೇಲ್ಪದರವಿದೆ, ಒಳಪದರವಿದೆ. ಮೊದಲ ಕಾಲು ಗಂಟೆಯಿಂದ ಅರ್ಧ ಗಂಟೆ ಮೂಗಿಗೆ ಬಡಿಯುವುದು ಬೇಗ ಹಾರಿಹೋಗುವ ನಿಂಬೆಯಂತಹ ಹಗುರ ಪರಿಮಳ. ನಂತರ ಹೂವು, ಮಸಾಲೆಗಳ ನಡು ಪರಿಮಳ. ಗಂಟೆಗಟ್ಟಲೆ ಚರ್ಮದ ಮೇಲೆ, ಬಟ್ಟೆಯ ಮೇಲೆ ಉಳಿಯುವುದು ಅಡಿಯ ಪರಿಮಳ. ರಾಶಿಯ ಒಳಗಿನ ಕಾಳು ಅದೇ. ಆದ್ದರಿಂದ ಸ್ಯಾಂಪಲ್ ಕೊಂಡವರು ಒಂದು ಬಾರಿಗೆ ಒಂದನ್ನೇ ಚರ್ಮಕ್ಕೆ ಹಚ್ಚಲಿ, ಸಂಜೆಯವರೆಗೆ ಕಾಯಲಿ, ಮನೆಯವರ ಅಭಿಪ್ರಾಯ ಕೇಳಲಿ. ಸ್ಯಾಂಪಲಿನಲ್ಲಿದ್ದದ್ದೇ ಸೀಸೆಯಲ್ಲಿದೆಯೇ, ತಳದ ಎಣ್ಣೆ ಯಾವುದು, ಎಷ್ಟು ಪಾಲು ಕೃತಕ ಎಂಬ ಮೂರು ಪ್ರಶ್ನೆಗಳನ್ನು ಮಾರುವವನಿಗೆ ಹಾಕಲಿ. ಪ್ರಾಮಾಣಿಕನು ಉತ್ತರಿಸುತ್ತಾನೆ. ಉತ್ತರಿಸದವನ ಗಡ್ಡ ಎಷ್ಟೇ ಉದ್ದವಾಗಿರಲಿ, ಅವನಿಂದ ಕೊಳ್ಳಬೇಡಿ.

ವ್ಯಾಪಾರಿಯ ಸುಳ್ಳಿನ ಮಾತು ಸಾಕು. ಈಗ ನಮ್ಮದು.

ಮೂಗಿಗೆ ಒಂದು ಗುಣವಿದೆ. ಒಂದೇ ವಾಸನೆಯಲ್ಲಿ ಕೆಲಹೊತ್ತು ಇದ್ದರೆ ಅದನ್ನು ಗ್ರಹಿಸುವುದನ್ನು ಅದು ನಿಲ್ಲಿಸಿಬಿಡುತ್ತದೆ. ಊದ್ ಸುರಿದುಕೊಂಡವನಿಗೆ ಸ್ವಲ್ಪ ಹೊತ್ತಿನಲ್ಲಿ ಅದರ ಪರಿವೆ ಇರುವುದಿಲ್ಲ. ಆಗ ಇನ್ನಷ್ಟು ಹಚ್ಚುತ್ತಾನೆ. ಸಫ್‌ನಲ್ಲಿ ಅವನ ಪಕ್ಕದಲ್ಲಿ ನಿಂತ ಉಬ್ಬಸದ ರೋಗಿ ರುಕೂಅ್ ಮಾಡಲಾರದೆ ಕೆಮ್ಮುತ್ತಾನೆ. ಸುಗಂಧವೆಂಬುದು ಪಕ್ಕದವನ ಹಕ್ಕು. ಅವನಿಗೆ ಹಿತವಾಗಲೆಂದು ಅದನ್ನು ಕಲಿಸಲಾಯಿತು. ಅದನ್ನು ನಾವು ನಮ್ಮ ಸ್ಥಾನಮಾನದ ಘೋಷಣೆಯಾಗಿ ಮಾರ್ಪಡಿಸಿದ್ದೇವೆ. ಕಪಾಟಿನಲ್ಲಿ ಅರ್ಧ ಬಳಸಿದ ಇಪ್ಪತ್ತು ಸೀಸೆಗಳಿದ್ದೂ ಹೊಸ ಸಂಗ್ರಹಕ್ಕೆ ಹಣ ಕಟ್ಟುವುದನ್ನು ಸುನ್ನತ್ತಿನ ಪ್ರೇಮವೆಂದು ಕರೆಯುವ ಧೈರ್ಯ ನಮಗೆ ಬಂದಿದೆ. ಕುರ್‌ಆನ್ ಅದನ್ನು ದುಂದುವೆಚ್ಚವೆನ್ನುತ್ತದೆ, ದುಂದುಗಾರರನ್ನು ಶೈತಾನನ ಸಹೋದರರೆನ್ನುತ್ತದೆ.

ಮೂಗಿನ ಇದೇ ಗುಣ ಇನ್ನೊಬ್ಬನಿಗೂ ಅನ್ವಯಿಸುತ್ತದೆ. ಶಿಡ್ಲಘಟ್ಟಕ್ಕೆ ಹೊರಗಿನಿಂದ ಬಂದವನು ಮೊದಲು ಗುರುತಿಸುವುದು ಒಂದು ವಾಸನೆಯನ್ನು: ಬಿಸಿನೀರಿನ ತೊಟ್ಟಿಯಲ್ಲಿ ಬೆಂದ ಗೂಡಿನ, ಅದರೊಳಗೆ ಸತ್ತ ಹುಳುವಿನ ವಾಸನೆ. ಈ ಊರಿನಲ್ಲಿ ನೂಲು ಬಿಚ್ಚಾಣಿಕೆಯನ್ನೇ ನಂಬಿದವರಲ್ಲಿ ಮುಸ್ಲಿಮರ ಪಾಲು ದೊಡ್ಡದು. ಫಿಲೇಚರಿನಲ್ಲಿ ಇಡೀ ದಿನ ನಿಂತು ಎಳೆ ತೆಗೆಯುವವನಿಗೆ, ಎಳೆ ಹುಡುಕುತ್ತಾ ಬಿಸಿನೀರಿಗೆ ಬೆರಳದ್ದುವ ಹೆಣ್ಣುಮಗಳಿಗೆ ಆ ವಾಸನೆ ಗೊತ್ತಾಗುವುದೇ ಇಲ್ಲ. ಅದು ಅವರ ಬಟ್ಟೆಗೆ, ಕೂದಲಿಗೆ, ಉಗುರಿನ ಸಂದಿಗೆ ಇಳಿದಿರುತ್ತದೆ. ಒಂದು ವಿಪರ್ಯಾಸವನ್ನೂ ನೋಡಿ. ಅವನು ನೂಲುವ ರೇಷ್ಮೆಯನ್ನು ಉಡುವುದು ಅವನಿಗೆ ಶರೀಅತ್ ಪ್ರಕಾರ ನಿಷಿದ್ಧ. ಅವಳಿಗೆ ಅನುಮತಿಯಿದೆ, ಆದರೆ ಕೊಳ್ಳುವ ಶಕ್ತಿಯಿಲ್ಲ. ಅವರಿಬ್ಬರಿಗೆ ಆ ರೇಷ್ಮೆಯಿಂದ ಉಳಿಯುವುದು ಕೂಲಿ ಮತ್ತು ವಾಸನೆ.

ಜುಮಾದ ದಿನ ಅವನು ಕೆಲಸದಿಂದ ನೇರವಾಗಿ ಮಸೀದಿಗೆ ಬರುತ್ತಾನೆ. ಆಗ ಏನಾಗುತ್ತದೆಂದು ಪ್ರತಿಯೊಬ್ಬರೂ ತಮ್ಮ ಎದೆ ಮುಟ್ಟಿ ಹೇಳಲಿ. ಅತ್ತರ್ ಹಚ್ಚಿದ ಭುಜ ತುಸು ಸರಿಯುತ್ತದೆ. ಕರ್ಚೀಫ್ ಮೂಗಿಗೆ ಬರುತ್ತದೆ. ಇಬ್ಬರು ನಮಾಝಿಗಳ ನಡುವೆ ಇರಬಾರದ ಖಾಲಿ ಜಾಗವೊಂದು ತೆರೆಯುತ್ತದೆ. ಇದನ್ನು ಕಂಡ ಅವನು ಮುಂದಿನ ವಾರ ಹಿಂದಿನ ಸಾಲಿಗೆ ಹೋಗುತ್ತಾನೆ, ಅದರ ಮುಂದಿನ ವಾರ ವರಾಂಡಕ್ಕೆ.

ಇಂತಹವರು ಹಝ್ರತ್ ಇಬ್ನ್ ಅಬ್ಬಾಸ್(ರ)ರ ವರದಿಯನ್ನು ಓದಬೇಕು. ಜುಮಾದ ಸ್ನಾನ ಹೇಗೆ ಬಂತೆಂದು ಅವರು ವಿವರಿಸಿದ್ದು ಅಬೂದಾವೂದ್ ಹದೀಸ್ ಗ್ರಂಥದಲ್ಲಿದೆ. ಅಂದಿನ ಜನ ಬಡವರು, ಉಣ್ಣೆಯ ಬಟ್ಟೆ ತೊಟ್ಟು ಬೆನ್ನ ಮೇಲೆ ಹೊರೆ ಹೊತ್ತು ದುಡಿಯುತ್ತಿದ್ದವರು. ಮಸೀದಿ ಇಕ್ಕಟ್ಟಾಗಿತ್ತು, ಚಾವಣಿ ತಗ್ಗಾಗಿತ್ತು. ಒಂದು ಸುಡುಬಿಸಿಲಿನ ದಿನ ಎಲ್ಲರೂ ಬೆವರಿ, ವಾಸನೆ ಎದ್ದು, ಒಬ್ಬರಿಂದೊಬ್ಬರಿಗೆ ತೊಂದರೆಯಾಯಿತು. ಆಗ ಪ್ರವಾದಿವರ್ಯರು(ಸ) ಈ ದಿನ ಸ್ನಾನ ಮಾಡಿ, ತಮ್ಮಲ್ಲಿರುವ ಒಳ್ಳೆಯ ಎಣ್ಣೆ, ಸುಗಂಧವನ್ನು ಹಚ್ಚಿಕೊಂಡು ಬರುವಂತೆ ಹೇಳಿದರು. ಹಝ್ರತ್ ಆಯಿಶಾ(ರ) ಕೂಡಾ ಇದನ್ನೇ ಹೇಳುತ್ತಾರೆ: ಜನರು ಸ್ವತಃ ದುಡಿಮೆಗಾರರಾಗಿದ್ದು, ದುಡಿದ ಸ್ಥಿತಿಯಲ್ಲಿಯೇ ಜುಮಾಕ್ಕೆ ಬರುತ್ತಿದ್ದರು, ಆಗ ಸ್ನಾನದ ಸಲಹೆ ನೀಡಲಾಯಿತು.

ನಾವು ಹೆಮ್ಮೆಯಿಂದ ಹಚ್ಚಿಕೊಳ್ಳುವ ಜುಮಾದ ಅತ್ತರಿನ ಹುಟ್ಟು ಇದು. ಶ್ರೀಮಂತನ ಸೊಗಸಿನಿಂದಲ್ಲ, ಕೂಲಿಯ ಬೆವರಿನಿಂದ ಅದು ಹುಟ್ಟಿತು. ಯಾರ ಸಲುವಾಗಿ ಆ ಸುನ್ನತ್ ಬಂತೋ ಅವನನ್ನೇ ಹಿಂದಿನ ಸಾಲಿಗೆ ತಳ್ಳಲು ಅದೇ ಸುನ್ನತ್ತನ್ನು ಬಳಸುವುದಕ್ಕಿಂತ ದೊಡ್ಡ ಅನ್ಯಾಯ ಯಾವುದಿದೆ?

ಇಬ್ನ್ ಅಬ್ಬಾಸ್(ರ) ಅಷ್ಟಕ್ಕೇ ನಿಲ್ಲಿಸಿಲ್ಲ. ನಂತರ ಅಲ್ಲಾಹನು ಅನುಕೂಲ ನೀಡಿದ, ಜನರು ಉಣ್ಣೆಯಲ್ಲದ ಬಟ್ಟೆ ತೊಟ್ಟರು, ದುಡಿಮೆಯ ಹೊರೆ ಇಳಿಯಿತು, ಮಸೀದಿ ವಿಸ್ತಾರವಾಯಿತು, ತೊಂದರೆ ಬಹುಮಟ್ಟಿಗೆ ನೀಗಿತು ಎನ್ನುತ್ತಾರೆ. ಅಂದರೆ ವಾಸನೆಗೆ ಪರಿಹಾರವಾಗಿ ಬಂದದ್ದು ಸುಗಂಧವೊಂದೇ ಅಲ್ಲ. ಸ್ನಾನ, ಒಳ್ಳೆಯ ಬಟ್ಟೆ, ಇಳಿದ ಹೊರೆ, ಗಾಳಿಯಾಡುವ ಮಸೀದಿ ಇವೆಲ್ಲವೂ ಸೇರಿದ್ದವು. ನಾವು ಅಗ್ಗದ ಒಂದನ್ನು ಹಿಡಿದುಕೊಂಡು ಉಳಿದವನ್ನು ಮರೆತೆವು.

ಒಂದು ಆಕ್ಷೇಪ ಬರಬಹುದು. ಹಸಿ ಈರುಳ್ಳಿ, ಬೆಳ್ಳುಳ್ಳಿ ತಿಂದವರು ಮಸೀದಿಗೆ ಬರಬಾರದೆಂದು ಪ್ರವಾದಿವರ್ಯರು(ಸ) ಹೇಳಿಲ್ಲವೇ? ಹೇಳಿದ್ದಾರೆ. ಆದರೆ ಅದು ಬಾಯಿಚಪಲದಿಂದ ತಂದುಕೊಂಡ, ಬಿಡಲು ಸಾಧ್ಯವಿರುವ ವಾಸನೆ. ದುಡಿಮೆಯ ವಾಸನೆ ಹೊತ್ತು ಬಂದವರನ್ನು ಅವರು ಹಿಂದಕ್ಕೆ ಕಳಿಸಲಿಲ್ಲ. ಸ್ನಾನದ ದಾರಿ ತೋರಿಸಿ ಒಳಗೇ ಇರಿಸಿಕೊಂಡರು. ಸ್ವಂತ ಕೈಯ ದುಡಿಮೆಯ ಅನ್ನಕ್ಕಿಂತ ಉತ್ತಮವಾದ ಅನ್ನವಿಲ್ಲವೆಂದೂ, ಪ್ರವಾದಿ ದಾವೂದ್(ಅ)ರು ಅಂತಹ ಅನ್ನವನ್ನೇ ಉಣ್ಣುತ್ತಿದ್ದರೆಂದೂ ಕಲಿಸಿದವರು ಅವರು. ಈರುಳ್ಳಿಯ ಹದೀಸನ್ನು ಫಿಲೇಚರಿನ ಕೂಲಿಯ ಮೇಲೆ ಹೊರಿಸುವವನು ಸ್ನಾನದ ಹದೀಸನ್ನು ಓದಿಲ್ಲ. ಓದಿದ್ದರೆ ಮರೆಮಾಚಿದ್ದಾನೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಇಬ್ಬಂದಿತನ ಇನ್ನೂ ಹೆಚ್ಚು. ಮಹಿಳೆ ಸುಗಂಧ ಹಚ್ಚಿ ಹೊರಗೆ ಹೋಗಬಾರದೆಂದು ಗಂಟೆಗಟ್ಟಲೆ ಉಪದೇಶಿಸುತ್ತೇವೆ. ಅದೇ ಮಹಿಳೆಯ ಬೆರಳ ತುದಿಯ ಚರ್ಮ ಬಿಸಿನೀರಿನಲ್ಲಿ ಬೆಂದು ಸುಲಿದಿರುವ ಬಗ್ಗೆ ನಮ್ಮ ಮಿಂಬರ್‌ಗಳು ಮೌನವಾಗಿವೆ. ಕರ್ನಾಟಕದ ನೂಲು ಬಿಚ್ಚಾಣಿಕೆಯಲ್ಲಿ ಮಕ್ಕಳ ಕೈಗಳೂ ಆ ನೀರಿಗೆ ಇಳಿಯುತ್ತಿದ್ದವೆಂದು 2003ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ ಜಗತ್ತಿನ ಮುಂದಿಟ್ಟಿತು. ಅದನ್ನು ನಮಗೆ ಹೊರಗಿನವರು ಹೇಳಬೇಕಾಯಿತೇ?

ರೀಲರ್‌ಗಳೆಲ್ಲ ಶ್ರೀಮಂತರೆಂದು ಇಲ್ಲಿ ಹೇಳುತ್ತಿಲ್ಲ. ಗೂಡಿನ ಬೆಲೆಗೂ ನೂಲಿನ ಬೆಲೆಗೂ ನಡುವೆ ಸಿಲುಕಿ ಸಾಲದಲ್ಲಿ ಮುಳುಗಿದವರು ಅವರಲ್ಲಿ ಅನೇಕರಿದ್ದಾರೆ. ತಾವೇ ತೊಟ್ಟಿಯ ಮುಂದೆ ಕೂರುವವರೂ ಇದ್ದಾರೆ. ಆದರೆ ಅವರಿಂದ ಕೇಳುತ್ತಿರುವುದು ದೊಡ್ಡದೇನಲ್ಲ. ಬಿಚ್ಚಾಣಿಕೆ ಘಟಕದಲ್ಲಿ ಎಂದೂ ಕೊರತೆಯಾಗದ ವಸ್ತು ಒಂದಿದ್ದರೆ ಅದು ಬಿಸಿನೀರು. ಗೂಡಿಗೆ ಸಿಗುವ ಬಿಸಿನೀರು ಜುಮಾದ ದಿನ ಗೂಡು ಬೇಯಿಸುವವನ ಮೈಗೂ ಸಿಗಲಿ. ಒಂದು ಸ್ನಾನದ ಕೋಣೆ, ಒಂದು ಸಾಬೂನು, ಕೂಲಿ ಕಡಿತವಿಲ್ಲದೆ ಒಂದು ಗಂಟೆ ಮುಂಚಿತ ಬಿಡುವು ಕೊಡಲಿ. ಮಸೀದಿ ಸಮಿತಿಗಳು ಝೂಮರ್‌ಗೆ, ಎಸಿಗೆ ಚಂದಾ ಎತ್ತುವ ಮೊದಲು ವುಝೂಖಾನೆಯ ಪಕ್ಕದಲ್ಲಿ ಎರಡು ಸ್ನಾನಗೃಹಗಳನ್ನು ಕಟ್ಟಿಸಲಿ. ಖತೀಬರು ಒಂದು ಖುತ್ಬಾವನ್ನು ಇಬ್ನ್ ಅಬ್ಬಾಸ್(ರ)ರ ಆ ವರದಿಗೆ ಮೀಸಲಿಡಲಿ. ಯುವಕರು ಮುಂದಿನ ಸ್ಯಾಂಪಲ್ ಪೆಟ್ಟಿಗೆಯ ಹಣದಲ್ಲಿ ಒಂದು ಸಾದಾ ಅತ್ತರ್ ಸೀಸೆ ಕೊಂಡು ಮಸೀದಿಯ ಬಾಗಿಲಲ್ಲಿಡಲಿ, ಬಂದವರಿಗೆಲ್ಲ ತಾವೇ ಸವರಲಿ. ತನ್ನಲ್ಲಿ ಸುಗಂಧವಿಲ್ಲದವನು ಮನೆಯಾಕೆಯ ಸುಗಂಧವನ್ನಾದರೂ ತುಸು ಹಚ್ಚಿ ಬರಲೆಂದು ಕಲಿಸಿದ ಧರ್ಮ ನಮ್ಮದು. ಸಿಕ್ಕಿದಷ್ಟು, ಸಾಧ್ಯವಾದಷ್ಟು. ಅದರಲ್ಲಿ ಸಂಗ್ರಹದ ಮಾತೂ ಇಲ್ಲ, ಋತುವಿನ ಮಾತೂ ಇಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕೆಲಸಗಾರ ಪಕ್ಕದಲ್ಲಿ ನಿಂತಾಗ ಭುಜವನ್ನು ಸರಿಸದೆ ಇನ್ನೂ ಹತ್ತಿರ ತನ್ನಿ.

ಉಪವಾಸಿಗನ ಬಾಯಿಯ ವಾಸನೆಯು ಅಲ್ಲಾಹನ ಬಳಿ ಕಸ್ತೂರಿಗಿಂತಲೂ ಸುಗಂಧಮಯವೆಂದು ನಾವು ಪ್ರತಿ ರಮಝಾನಿನಲ್ಲಿ ಕೇಳುತ್ತೇವೆ. ಮನುಷ್ಯರ ಮೂಗಿಗೆ ಅಹಿತವಾದದ್ದು ಅಲ್ಲಾಹನ ತಕ್ಕಡಿಯಲ್ಲಿ ಕಸ್ತೂರಿಯನ್ನು ಮೀರಿ ತೂಗಬಹುದೆಂಬ ಪಾಠ ಅದರಲ್ಲಿದೆ. ಮಕ್ಕಳ ಹೊಟ್ಟೆ ತುಂಬಿಸಲು ಹಲಾಲ್ ದುಡಿಮೆಯಲ್ಲಿ ಬೆವರಿದ ಮೈಯನ್ನು ಆ ತಕ್ಕಡಿ ಹೇಗೆ ತೂಗುತ್ತದೆಂಬುದು ಅಲ್ಲಾಹನಿಗೇ ಗೊತ್ತು. ಸುಳ್ಳು ಚೀಟಿಯ ಅತ್ತರ್ ಹಚ್ಚಿ, ಪಕ್ಕದವನಿಂದ ಮೂಗು ತಿರುಗಿಸಿ ನಿಂತವನ ಸುಗಂಧ ಅಲ್ಲಿ ಎಷ್ಟು ತೂಗೀತೆಂದು ಊಹಿಸುವುದು ಮಾತ್ರ ನಮಗೆ ಕಷ್ಟವಾಗಬಾರದು.